ನಾಸ್ತಿಕರ ಬದುಕಿನಲ್ಲಿ ನಂಬಿಕೆಗೆ ಸ್ಥಾನವಿದೆಯೇ?

ದೇವರನ್ನು ಬಿಟ್ಟವರೂ ಮತ್ತೊಂದನ್ನು ನಂಬಿಯೇ ಬದುಕುತ್ತಾರಲ್ಲವೇ, ಹಾಗಾದರೆ ಅವರ ನಂಬಿಕೆಗೂ ಭಕ್ತರ ನಂಬಿಕೆಗೂ ವ್ಯತ್ಯಾಸವೇನು, ಮನೆಯಲ್ಲಿ ಸಾವು ಸಂಭವಿಸಿದಾಗ ಅವರಿಗೆ ಆಸರೆ ಯಾವುದು ಎಂದು ನೀವು ಕೇಳಿದ್ದೀರಿ. ವಿಜಯಪುರ ಜಿಲ್ಲೆಯ ಆಸ್ತಿಕ ಕುಟುಂಬವೊಂದರಲ್ಲಿ ಹುಟ್ಟಿ, ಈಗ ಪುಣೆಯಲ್ಲಿ ನೆಲೆಸಿರುವ ನಾಸ್ತಿಕ ನಾನು. ನನ್ನ ಮಟ್ಟಿಗೆ ಉತ್ತರಿಸುತ್ತೇನೆ. ಎಲ್ಲ ನಾಸ್ತಿಕರ ಪರವಾಗಿ ಮಾತನಾಡುವ ಅಧಿಕಾರ ನನಗೂ ಇಲ್ಲ, ಇನ್ನಾರಿಗೂ ಇಲ್ಲ.

ನಂಬಿಕೆ ಇದೆ. ಆದರೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಪ್ರಶ್ನಿಸದೆ ನುಂಗುವುದೂ ಭಕ್ತಿಯೇ ಎಂದು ಕೆಲವರು ಹೇಳುವುದನ್ನು ನಾನು ಒಪ್ಪಲಾರೆ. ಥ್ಯಾಲಿಡೊಮೈಡ್ ಎಂಬ ಔಷಧವನ್ನು ಗರ್ಭಿಣಿಯರ ವಾಕರಿಕೆಗೆಂದು ಹಲವು ದೇಶಗಳಲ್ಲಿ ಕೊಡುತ್ತಿದ್ದರು. ಅದರಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದೊಡನೆ ಹುಟ್ಟುತ್ತಿವೆ ಎಂಬುದು ಗೊತ್ತಾದಾಗ, 1961ರ ಕೊನೆಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲು ಆರಂಭಿಸಿದರು ಮತ್ತು ಔಷಧಗಳಿಗೆ ಅನುಮತಿ ಕೊಡುವ ನಿಯಮಗಳನ್ನೇ ಬಿಗಿಗೊಳಿಸಿದರು. ವೈದ್ಯರು ತಪ್ಪು ಮಾಡುವುದಿಲ್ಲ ಎಂದು ನಾನು ನಂಬಿಲ್ಲ. ತಪ್ಪನ್ನು ಪತ್ತೆ ಹಚ್ಚುವ ಪದ್ಧತಿಯೊಂದಿದೆ, ಅದು ತಡವಾಗಿಯಾದರೂ ಕೆಲಸ ಮಾಡುತ್ತದೆ ಎಂಬುದಷ್ಟೇ ನನ್ನ ಭರವಸೆ, ಮತ್ತು ಆ ಪದ್ಧತಿ ಸತ್ತುಹೋಯಿತೆಂದು ತಿಳಿದ ದಿನ ಭರವಸೆಯನ್ನು ಹಿಂತೆಗೆದುಕೊಳ್ಳಲು ನಾನು ಸಿದ್ಧ.

ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಅಪ್ರಾಮಾಣಿಕವಾಗುತ್ತದೆ. ಪುರಾವೆಯ ಮಾತೇ ನಡೆಯದ ಕಡೆಯೂ ನಾನು ಕೆಲವನ್ನು ನಂಬುತ್ತೇನೆ. ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ ಎಂಬುದನ್ನು, ದುರ್ಬಲರನ್ನು ಹಿಂಸಿಸುವುದು ತಪ್ಪು ಎಂಬುದನ್ನು ಯಾವ ಪ್ರಯೋಗಾಲಯವೂ ಸಾಬೀತುಪಡಿಸಿ ಕೊಡುವುದಿಲ್ಲ. ಇದೇ ಪುಣೆಯಲ್ಲಿ ಗೋಪಾಲ ಗಣೇಶ ಆಗರಕರರು 1888ರಲ್ಲಿ 'ಸುಧಾರಕ' ಪತ್ರಿಕೆಯನ್ನು ಆರಂಭಿಸಿ ಬಾಲ್ಯವಿವಾಹವನ್ನೂ ವಿಧವೆಯರ ಕೇಶಮುಂಡನವನ್ನೂ ಖಂಡಿಸಿದಾಗ, ಸನಾತನಿಗಳು ಅವರು ಬದುಕಿರುವಾಗಲೇ ಅವರ ಪ್ರತಿಕೃತಿಯ ಶವಯಾತ್ರೆ ನಡೆಸಿದರು. ಸ್ವರ್ಗದ ಆಸೆಯಾಗಲಿ ಮುಂದಿನ ಜನ್ಮದ ಲೆಕ್ಕವಾಗಲಿ ಇಲ್ಲದ ಆ ಮನುಷ್ಯ, ನಲವತ್ತು ತುಂಬುವ ಮೊದಲೇ 1895ರಲ್ಲಿ ತೀರಿಕೊಳ್ಳುವವರೆಗೂ ಬರೆಯುವುದನ್ನು ಬಿಡಲಿಲ್ಲ. ಇದನ್ನು ಶ್ರದ್ಧೆ ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಡಾ. ನರೇಂದ್ರ ದಾಭೋಲ್ಕರರ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅವರ ಹೆಸರನ್ನು ಕೇಳಿದೊಡನೆ ದೇವರ ವೈರಿ ಎಂದು ಭಾವಿಸುವವರು ನಮ್ಮ ಕನ್ನಡಿಗರಲ್ಲೂ ಇದ್ದಾರೆ. ಅವರು ಸ್ವತಃ ನಾಸ್ತಿಕರು. ಆದರೆ 1989ರಲ್ಲಿ ಅವರು ಸ್ಥಾಪಿಸಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ವಿರೋಧವಿದ್ದದ್ದು ದೇವರ ಹೆಸರಿನಲ್ಲಿ ನಡೆಯುವ ಶೋಷಣೆಗೆ. ಮಾಟಮಂತ್ರ ಮತ್ತು ಅಮಾನವೀಯ ಆಚರಣೆಗಳನ್ನು ತಡೆಯುವ ಕಾನೂನು ಬೇಕೆಂದು ಹಲವು ವರ್ಷ ದುಡಿದ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ, ವಾಯುವಿಹಾರಕ್ಕೆ ಹೊರಟಿದ್ದಾಗ, ಪುಣೆಯ ಓಂಕಾರೇಶ್ವರ ದೇವಾಲಯದ ಬಳಿಯ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಅವರು ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂದಿದ್ದರು. ಮರಣೋತ್ತರ ಪರೀಕ್ಷೆ ಅನಿವಾರ್ಯವಾದ್ದರಿಂದ ಅದು ಸಾಧ್ಯವಾಗದೆ, ಸಾತಾರಾದಲ್ಲಿ ಧಾರ್ಮಿಕ ವಿಧಿಗಳಿಲ್ಲದೆ ಅಂತ್ಯಸಂಸ್ಕಾರ ನಡೆಯಿತು. ಚಿತೆಗೆ ಬೆಂಕಿ ಇಟ್ಟವರು ಅವರ ಮಗಳು.

ಇನ್ನು ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಸಾವಿನ ಎದುರು ನಾಸ್ತಿಕನ ಬಳಿ ಕೊಡಲು ಸಮಾಧಾನ ಕಡಿಮೆ ಎಂಬುದನ್ನು ನಾನು ಮರೆಮಾಚುವುದಿಲ್ಲ. ಅಪ್ಪ ತೀರಿಕೊಂಡಾಗ, ಅವರು ವಿಠ್ಠಲನ ಪಾದ ಸೇರಿದರೆಂದು ಅವ್ವ ಹೇಳಿಕೊಂಡು ಅತ್ತಳು, ಅತ್ತು ಹಗುರಾದಳು. ಎಲ್ಲಿಯೂ ಮತ್ತೆ ಭೇಟಿಯಿಲ್ಲ ಎಂದು ತಿಳಿದಿದ್ದ ನನಗೆ ಆ ಹಗುರ ಸಿಗಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದವರು ಮನುಷ್ಯರೇ: ಊರಿನಿಂದ ರಾತ್ರಿ ಬಸ್ಸು ಹಿಡಿದು ಬಂದ ಚಿಕ್ಕಪ್ಪ, ಮಾತಿಲ್ಲದೆ ಅಡುಗೆ ಮಾಡಿ ತಂದಿಟ್ಟ ನೆರೆಮನೆಯ ಮರಾಠಿ ಕುಟುಂಬ. ಅವರೆಲ್ಲರೂ ಆಸ್ತಿಕರು.

ಅಪ್ಪನ ಉತ್ತರಕ್ರಿಯೆಗಳನ್ನು ನಾನೇ ಕುಳಿತು, ಒಂದನ್ನೂ ಬಿಡದೆ ಮಾಡಿದೆ. ನಮ್ಮ ವಿಚಾರವಾದಿ ಗೆಳೆಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ನಂಬದ ಮಂತ್ರಕ್ಕೆ ತಲೆಬಾಗುವುದು ಇಬ್ಬಂದಿತನ ಎಂದರು. ಅವರ ಆಕ್ಷೇಪ ಸಣ್ಣದಲ್ಲ. ಆದರೆ ಹಾಗೆ ಮಾಡುತ್ತೇನೆಂದು ನಾನು ಅಪ್ಪನಿಗೆ ಮಾತು ಕೊಟ್ಟಿದ್ದೆ. ಕೊಟ್ಟ ಮಾತನ್ನು ಕೇಳಿಸಿಕೊಂಡವರು ಈಗ ಎಲ್ಲಿಯೂ ಇಲ್ಲ, ಮುರಿದರೆ ಅವರಿಗೆ ನೋವಾಗುವಂತಿಲ್ಲ, ನನ್ನನ್ನು ದಂಡಿಸುವವರೂ ಇಲ್ಲ. ಆದರೂ ಆ ಮಾತು ನನ್ನನ್ನು ಕಟ್ಟಿಹಾಕುತ್ತದೆ. ಏಕೆ ಎಂದು ತರ್ಕದಿಂದ ತೋರಿಸಲು ನನ್ನಿಂದಾಗದು. ನನ್ನ ನಂಬಿಕೆಯ ಬೇರು ಎಲ್ಲಿದೆ ಎಂದು ಕೇಳಿದರೆ ನಾನು ಬೆರಳು ಮಾಡುವುದು ಇಲ್ಲಿಗೇ: ಮನುಷ್ಯರು ಒಬ್ಬರಿಗೊಬ್ಬರು ಕೊಡುವ ಮಾತು, ಕಾಯುವವನು ಮೇಲೆ ಯಾರೂ ಇಲ್ಲದಿರುವುದರಿಂದಲೇ, ನಮ್ಮಿಂದಲೇ ಉಳಿಯಬೇಕಾದ ವಸ್ತು.

ಇದೇ ನಂಬಿಕೆಯ ಮೇಲೆ ನನ್ನ ಕೊನೆಯ ಏರ್ಪಾಡೂ ನಿಂತಿದೆ. ನೇತ್ರದಾನಕ್ಕೂ ದೇಹದಾನಕ್ಕೂ ನಾನು ಅರ್ಜಿ ತುಂಬಿದ್ದೇನೆ. ಕಣ್ಣುಗಳನ್ನು ಸಾವಿನ ನಂತರ ಸುಮಾರು ಆರು ಗಂಟೆಗಳ ಒಳಗೆ ತೆಗೆಯಬೇಕು, ದೇಹವನ್ನು ತಡಮಾಡದೆ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗಕ್ಕೆ ಒಪ್ಪಿಸಬೇಕು. ಆ ಹೊತ್ತಿನಲ್ಲಿ ಮನೆಯವರು ಫೋನು ಮಾಡದಿದ್ದರೆ ನನ್ನ ಸಹಿ ಇದ್ದೂ ಇಲ್ಲದಂತೆ. ಫೋನು ಮಾಡಬೇಕಾದವಳು ನನ್ನ ಹೆಂಡತಿ. ಆಳಂದಿ ಮತ್ತು ದೇಹೂವಿನಿಂದ ಸಂತರ ಪಾದುಕೆಗಳನ್ನು ಹೊತ್ತ ಪಾಲಖಿಗಳು, ಅಂದರೆ ಪಲ್ಲಕ್ಕಿಗಳು, ಪಂಢರಪುರಕ್ಕೆ ಹೋಗುವ ದಾರಿಯಲ್ಲಿ ಪುಣೆಯಲ್ಲಿ ತಂಗಿದಾಗ ದರ್ಶನಕ್ಕೆ ನಿಲ್ಲುವವಳು ಅವಳು. ಸಂಸ್ಕಾರವಿಲ್ಲದೆ ಕಳುಹಿಸಿದರೆ ನನಗೆ ಸದ್ಗತಿಯಿಲ್ಲ ಎಂಬ ಭಯ ಅವಳಿಗೆ ನಿಜವಾಗಿಯೂ ಇದೆ. ಹಲವು ರಾತ್ರಿಗಳ ಮಾತುಕತೆಯ ನಂತರ ಅವಳು ಒಪ್ಪಿದಳು, ಮನೆಯಲ್ಲಿ ತನಗೆ ಬೇಕಾದ ಪೂಜೆಯನ್ನು ತಾನು ಮಾಡಿಸುವುದಾಗಿ ಹೇಳಿ. ಅದಕ್ಕೆ ನಾನೂ ಒಪ್ಪಿದೆ, ಮನಃಪೂರ್ವಕವಾಗಿ ಒಪ್ಪಿದೆ.

ನೀವೂ ದೇಹದಾನದ ಯೋಚನೆಯಲ್ಲಿದ್ದರೆ ಅರ್ಜಿ ತರುವ ಮೊದಲು ಮನೆಯವರೊಡನೆ, ಅದರಲ್ಲೂ ದೈವಭಕ್ತರೊಡನೆ, ಕುಳಿತು ಮಾತನಾಡಿ. ಅವರ ಭಯವನ್ನು ಪೂರ್ತಿ ಕೇಳಿಸಿಕೊಳ್ಳಿ, ಮತ್ತು ಕಾಲೇಜಿನ ದೂರವಾಣಿ ಸಂಖ್ಯೆಯನ್ನು ಅವರ ಕೈಗೇ ಕೊಡಿ.