ಸಕ್ಕರೆ ಬದಲು ಬಳಸುವ ಸಿಹಿಪುಡಿ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೆಡಿಸುತ್ತಾ?

ನಿಮಗೆ ಡಯಾಬಿಟಿಸ್ ಇಲ್ಲ, ತೂಕ ಇಳಿಸಲು ಕಾಫಿಗೆ ಸಿಹಿಪುಡಿ ಹಾಕಿಕೊಳ್ಳುತ್ತಿದ್ದೀರಿ, ಅದು ಕರುಳಿಗೆ ಕೆಟ್ಟದ್ದಾ ಎಂದು ಕೇಳಿದ್ದೀರಿ. ಮೊದಲು ಅದರಲ್ಲಿರುವುದು ಯಾವ ಸಿಹಿ ಅಂತ ನೋಡಿ. ಎಲ್ಲವೂ ಹೊಟ್ಟೆಯಲ್ಲಿ ಒಂದೇ ದಾರಿ ಹಿಡಿಯುವುದಿಲ್ಲ.

ಆಸ್ಪರ್ಟೇಮ್ ಸಣ್ಣ ಕರುಳಿನಲ್ಲೇ ಒಡೆದುಹೋಗುತ್ತದೆ. ಬ್ಯಾಕ್ಟೀರಿಯಾಗಳು ತುಂಬಿರುವ ದೊಡ್ಡ ಕರುಳಿಗೆ ಅದು ಹೋಗುವುದೇ ಇಲ್ಲ ಅನ್ನಬಹುದು. ಸುಕ್ರಲೋಸ್ ಹಾಗಲ್ಲ, ಬಹುಪಾಲು ಹಾಗೇ ಅಲ್ಲಿಗೆ ಇಳಿಯುತ್ತದೆ. ಸ್ಟೀವಿಯಾವನ್ನಂತೂ ಒಡೆಯುವುದೇ ಆ ಬ್ಯಾಕ್ಟೀರಿಯಾಗಳು.

ನನ್ನನ್ನು ಯೋಚನೆಗೆ ಹಚ್ಚಿದ್ದು 2014ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯವರು ಮಾಡಿದ ಇಲಿ ಪ್ರಯೋಗ. ಸ್ಯಾಕರಿನ್ ಎಂಬ ಇನ್ನೊಂದು ಸಿಹಿ ಕುಡಿದ ಇಲಿಗಳಿಗೆ ಗ್ಲೂಕೋಸ್ ಕೊಟ್ಟರೆ ರಕ್ತದ ಸಕ್ಕರೆ ಜಾಸ್ತಿ ಏರುತ್ತಿತ್ತು. ಆಂಟಿಬಯೋಟಿಕ್ ಕೊಟ್ಟು ಬ್ಯಾಕ್ಟೀರಿಯಾಗಳನ್ನು ಕೊಂದರೆ ಆ ತೊಂದರೆ ಹೋಗುತ್ತಿತ್ತು. ಆಮೇಲೆ ಅವುಗಳ ಹಿಕ್ಕೆಯಲ್ಲಿದ್ದ ಬ್ಯಾಕ್ಟೀರಿಯಾಗಳನ್ನು, ಬ್ಯಾಕ್ಟೀರಿಯಾನೇ ಇಲ್ಲದಂತೆ ಬೆಳೆಸಿದ ಬೇರೆ ಇಲಿಗಳಿಗೆ ಹಾಕಿದರು. ಸ್ಯಾಕರಿನ್ ಮುಟ್ಟದ ಆ ಇಲಿಗಳಿಗೂ ಅದೇ ತೊಂದರೆ ಬಂತು!

ಮನುಷ್ಯರಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. ಅದೇ ತಂಡ 2022ರಲ್ಲಿ 120 ಆರೋಗ್ಯವಂತರ ಮೇಲೆ ಎರಡು ವಾರ ಪರೀಕ್ಷೆ ಮಾಡಿತು. ಮೇಲೆ ಹೇಳಿದ ನಾಲ್ಕೂ ಸಿಹಿಗಳು ಬ್ಯಾಕ್ಟೀರಿಯಾಗಳನ್ನು ಬದಲಿಸಿದವು, ಆದರೆ ಸಕ್ಕರೆ ನಿಭಾಯಿಸುವ ಶಕ್ತಿ ತಗ್ಗಿದ್ದು ಸ್ಯಾಕರಿನ್ ಮತ್ತು ಸುಕ್ರಲೋಸ್ ತೆಗೆದುಕೊಂಡವರಲ್ಲಿ. ಅವರಲ್ಲೂ ಒಬ್ಬೊಬ್ಬರಿಗೆ ಒಂದೊಂದು ಥರ. ಅದಕ್ಕೂ ಮುಂಚೆ, 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಎರಡು ವಾರ ಸ್ಯಾಕರಿನ್ ಕೊಟ್ಟರೂ ಏನೂ ಬದಲಾಗಿರಲಿಲ್ಲ. ಹಾಗಾಗಿ "ವಿಷ" ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ, "ಏನೂ ಆಗಲ್ಲ" ಅನ್ನುವವರ ಮಾತನ್ನೂ ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಒಮ್ಮೆ ಸುಕ್ರಲೋಸ್ ಪೊಟ್ಟಣವೊಂದನ್ನು ಬಿಳಿ ಹಾಳೆಯ ಮೇಲೆ ಸುರಿದು ನೋಡಿದೆ. ಒಂದು ಗ್ರಾಂ ಪುಡಿ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಅದಕ್ಕೇ ಕೆಲವೇ ಮಿಲಿಗ್ರಾಂ ಸಾಕು. ಉಳಿದದ್ದೆಲ್ಲ ಡೆಕ್ಸ್‌ಟ್ರೋಸ್ (ಅಂದರೆ ಗ್ಲೂಕೋಸ್), ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ). ನಾವು ಕುಡಿಯುವುದು ಸುಕ್ರಲೋಸ್ ಒಂದನ್ನೇ ಅಲ್ಲ, ಅಲ್ವಾ?

ತೂಕ ಇಳಿಸುವ ಉಪಾಯವಾಗಿ ಇವನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಾನು ಬೇರೆ ಸಿಹಿಗೆ ಬದಲಾಯಿಸಲಿಲ್ಲ, ಸಿಹಿಯನ್ನೇ ತಗ್ಗಿಸಿದೆ. ಮೊದಲು ಅರ್ಧ ಪೊಟ್ಟಣ, ಆಮೇಲೆ ಕಾಲು. ಮೊದಲ ವಾರ ಕಾಫಿ ಸಪ್ಪೆ ಅನಿಸಿತು. ಕೆಲವು ವಾರ ಕಳೆದ ಮೇಲೆ ಹಾಲಿನದೇ ಸಿಹಿ ನಾಲಿಗೆಗೆ ಗೊತ್ತಾಗತೊಡಗಿತು. ನೀವೂ ಹೀಗೆ ಮಾಡಿ ನೋಡಿ. ಆದರೆ ಮನೆಯಲ್ಲಿ ಡಯಾಬಿಟಿಸ್ ಇರುವವರಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಆ ಸಲಹೆ ಅವರಿಗೆ ಅನ್ವಯಿಸುವುದಿಲ್ಲ. ಅವರು ಇದನ್ನು ಓದಿ ಮತ್ತೆ ಸಕ್ಕರೆಗೆ ಮರಳುವುದು ಬೇಡ, ಡಾಕ್ಟರ್ ಹತ್ತಿರ ಕೇಳಲಿ.