ಬೆಲುಂ ಗುಹೆಗೆ ಅವ್ವನನ್ನು ಕರೆದೊಯ್ಯಬಹುದಾ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನಮ್ಮದು ಆದೋನಿ. ಬೇಸಿಗೆ ರಜೆಯಲ್ಲಿ ಬೆಲುಂ ಗುಹೆಗೆ ಹೋಗೋಣ ಅಂತಿದ್ದೇವೆ. ನೆಲದೊಳಗೆ ತಂಪಾಗಿರುತ್ತೆ, ಬಿಸಿಲಿನ ಕಾಟ ಇರಲ್ಲ ಅನ್ನೋ ಲೆಕ್ಕಾಚಾರ. ಜೊತೆಗೆ 68 ವರ್ಷದ ಅವ್ವ ಇರುತ್ತಾರೆ. ಮೊಣಕಾಲು ನೋವಿದೆ, ಬಿ.ಪಿ. ಮಾತ್ರೆ ನಡೀತಿದೆ. ಎಂಟು ವರ್ಷದ ಮಗನೂ ಬರುತ್ತಾನೆ. ಒಳಗೆ ಉಸಿರಾಟಕ್ಕೆ ತೊಂದರೆ ಆಗುತ್ತಾ?

ಉತ್ತರ: ಮೊದಲು ಆ ತಂಪಿನ ಲೆಕ್ಕಾಚಾರ ಬಿಟ್ಟುಬಿಡಿ. ಆಳದ ಗುಹೆಯೊಳಗೆ ಆ ಊರಿನ ಇಡೀ ವರ್ಷದ ಸರಾಸರಿ ತಾಪಮಾನ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಚಳಿ ಪ್ರದೇಶದಲ್ಲಾದರೆ ಸ್ವೆಟರ್ ಬೇಕಾಗುತ್ತದೆ. ರಾಯಲಸೀಮೆಯ ಸರಾಸರಿ ಅಂದರೆ ಗೊತ್ತಲ್ಲ, ಬೆಚ್ಚಗೇ. ಅದರ ಮೇಲೆ ಒಳಗೆ ತೇವ ಜಾಸ್ತಿ. ಮೈ ಬೆವರುತ್ತದೆ, ಆ ಬೆವರು ಆರುವುದಿಲ್ಲ. ಸುಸ್ತು ಮಾಡುವುದು ಇದೇ. ಒಳಗೆ ಗಾಳಿ ಹಾಯಿಸುವ ವ್ಯವಸ್ಥೆ ಇದೆ, ಉದ್ದಕ್ಕೂ ವಿದ್ಯುತ್ ದೀಪಗಳಿವೆ. ಆದ್ದರಿಂದ ಆರೋಗ್ಯವಾಗಿರುವವರಿಗೆ ಉಸಿರಿನ ಭಯ ಬೇಡ. ದಮ್ಮು ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಇಳಿಯಬಾರದು.

ನಿಮ್ಮ ತಾಯಿಯವರ ವಿಷಯಕ್ಕೆ ಬರುತ್ತೇನೆ. ಗುಹೆ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ, ಬಯಲು ನೆಲದ ಅಡಿಯಲ್ಲಿ. ಬಾವಿಯಂಥ ಬಾಯಿಯಿಂದ ಮೆಟ್ಟಿಲಿಳಿದು ಒಳಗೆ ಹೋಗಬೇಕು. ಒಟ್ಟು ಉದ್ದ 3229 ಮೀಟರ್. ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ನಮಗೆ ತೆರೆದಿದೆ. ಹೋದ ದಾರಿಯಲ್ಲೇ ವಾಪಸ್ ಬಂದು, ಕೊನೆಗೆ ಮೆಟ್ಟಿಲು ಹತ್ತುವಾಗಲೇ ಮೊಣಕಾಲಿಗೆ ನಿಜವಾದ ಪರೀಕ್ಷೆ. ಎಲ್ಲಕ್ಕಿಂತ ಆಳದ ಜಾಗ ಪಾತಾಳಗಂಗೆ, ನೆಲದಿಂದ 46 ಮೀಟರ್ ಕೆಳಗೆ. ಅಲ್ಲಿಗೆ ಹೋಗುವ ಮೆಟ್ಟಿಲು ಒದ್ದೆ ಇರುತ್ತದೆ. ಅವರನ್ನು ಅಲ್ಲಿಗೆ ಕರೆದೊಯ್ಯಬೇಡಿ. ಪ್ರವೇಶದ ನಂತರದ ಅಗಲವಾದ ಜಾಗಗಳನ್ನು ನಿಧಾನವಾಗಿ ತೋರಿಸಿ, ಜೊತೆಗೆ ಮನೆಯವರೊಬ್ಬರು ಇರಲಿ. ಅಲ್ಲಿಂದಲೇ ಅವರು ವಾಪಸ್ ಬರಲಿ. ಅಷ್ಟು ನೋಡಿದರೂ ಗುಹೆ ಏನೆಂದು ತಿಳಿಯುತ್ತದೆ. ‘ಇಲ್ಲೀತನಕ ಬಂದೀವಿ, ಇನ್ನೊಂಚೂರು ನಡಿ’ ಅಂತ ಯಾರೂ ಒತ್ತಾಯ ಮಾಡಬಾರದು.

ಸಾಧ್ಯವಿದ್ದರೆ ಪ್ರವಾಸವನ್ನೇ ನವೆಂಬರ್–ಫೆಬ್ರುವರಿಗೆ ಮುಂದೂಡಿ. ಬೇಸಿಗೆಯಲ್ಲೇ ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಇಳಿಯಿರಿ. ಹತ್ತಿ ಬಟ್ಟೆ, ಹಿಡಿತ ಇರುವ ಚಪ್ಪಲಿ, ಕುಡಿಯುವ ನೀರು, ಸಣ್ಣ ಟಾರ್ಚು ಸಾಕು. ಕೆಲವು ಕಡೆ ಬಗ್ಗಿ ನಡೆಯಬೇಕು, ಹಾಗಾಗಿ ದೊಡ್ಡ ಬ್ಯಾಗು ಬೇಡ. ಆದೋನಿಯಿಂದ ಗುಂತಕಲ್, ಗುತ್ತಿ ಮೇಲೆ ತಾಡಪತ್ರಿಗೆ ರೈಲಿದೆ. ಅಲ್ಲಿಂದ ಗುಹೆಗೆ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತಾಡಪತ್ರಿಯಲ್ಲಿ ಪೆನ್ನಾ ನದಿ ದಡದ ಬುಗ್ಗ ರಾಮಲಿಂಗೇಶ್ವರ ಗುಡಿಯನ್ನು ಅವ್ವನಿಗೆ ಖಂಡಿತ ತೋರಿಸಿ. ವಿಜಯನಗರ ಕಾಲದ ಆ ಕಲ್ಲಿನ ಕೆತ್ತನೆ ನೋಡೋಕೆ ಎಷ್ಟು ಹೊತ್ತಿದ್ದರೂ ಸಾಲದು.

ಮಗನಿಗೊಂದು ಕೆಲಸ ಕೊಡಿ. ಇದು ನೀರು ಹರಿದು ಕೊರೆದ ಗುಹೆ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಲಿ. ಚಿಪ್ಪಿನಾಕಾರದ ಸಣ್ಣ ಸಣ್ಣ ತಗ್ಗುಗಳ ಸಾಲು ಕಂಡರೆ, ಅದು ನೀರು ಹರಿದ ಗುರುತು. ತಗ್ಗು ಸಣ್ಣದಾಗಿದ್ದರೆ ನೀರು ರಭಸದಿಂದ ಓಡಿದೆ, ದೊಡ್ಡದಾಗಿದ್ದರೆ ನಿಧಾನ ಹರಿದಿದೆ. ನದಿ ಹೋದ ಎಷ್ಟೋ ಕಾಲದ ಮೇಲೂ ಅದರ ವೇಗವನ್ನು ಕಲ್ಲಿನಲ್ಲಿ ಓದಬಹುದು. ಮಕ್ಕಳಿಗೆ ಇದು ತಟ್ಟನೆ ಹಿಡಿಸುತ್ತದೆ.

ಪ್ರಶ್ನೆ: ನಾನು ರಾಯದುರ್ಗದ ಕಾಲೇಜು ವಿದ್ಯಾರ್ಥಿ. ಬೆಲುಂನ ಸಪ್ತಸ್ವರ ಗುಹೆಯಲ್ಲಿ ಕಲ್ಲು ತಟ್ಟಿದರೆ ಸ್ವರ ಬರುತ್ತದಂತೆ. ತಟ್ಟಿ ನೋಡಬಹುದಾ?

ಉತ್ತರ: ಸ್ವರ ಬರುವುದು ನಿಜ. ಆದರೆ ದಯವಿಟ್ಟು ತಟ್ಟಬೇಡಿ. ಮಳೆನೀರು ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಆಮ್ಲವಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಆ ನೀರು ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಅನಿಲ ಹೊರಹೋಗಿ, ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಅಂಟುತ್ತದೆ. ಇಳಿಬಿದ್ದ ಕಲ್ಲಿನ ಕೋಲು ಬೆಳೆಯುವುದು ಹೀಗೆ, ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು. ಬೆರಳುದ್ದ ಮುರಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ತುಂಬಿಕೊಳ್ಳುವುದಿಲ್ಲ. ಸುಮ್ನೆ ಮುಟ್ಟಿದರೂ ಕೈಯ ಜಿಡ್ಡು ಅಂಟಿ, ಹೊಸ ಸುಣ್ಣ ಕೂರುವುದು ಕಷ್ಟವಾಗುತ್ತದೆ. ಒಬ್ಬರು ತಟ್ಟಿದರೆ ಹಿಂದೆ ಬಂದವರೆಲ್ಲ ತಟ್ಟುತ್ತಾರೆ, ಅಲ್ವಾ?

ಈ ಗುಹೆಯನ್ನು 1884ರಲ್ಲಿ ದಾಖಲಿಸಿದ್ದು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ನಮ್ಮ ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನೂ ಹುಡುಕಿದವರು. ನಂತರ 1982–83ರಲ್ಲಿ ಡೇನಿಯಲ್ ಗೆಬಾಯರ್ ನೇತೃತ್ವದ ಜರ್ಮನ್ ತಂಡ ವಿವರವಾಗಿ ಅಳೆಯಿತು. ಜನರಿಗೆ ತೆರೆದದ್ದು 2002ರಲ್ಲಿ. ಅಂದರೆ ಅಲ್ಲಿನ ಕಲ್ಲಿಗೆ ಇಷ್ಟೊಂದು ಕೈಗಳ ಕಾಟ ಶುರುವಾಗಿ ಹೆಚ್ಚು ಕಾಲವಾಗಿಲ್ಲ. ಈಗಲೇ ಜೋಪಾನ ಮಾಡಬೇಕು.

ಪ್ರಶ್ನೆ: ಬೆಲುಂ ನೋಡಿ ಬಂದೆವು, ಮಡಕಶಿರಾದಿಂದ. ಕಾಡಿನ ನಡುವೆ, ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ಗುಹೆ ಇದೆಯಾ?

ಉತ್ತರ: ಇದೆ. ಛತ್ತೀಸಗಢದ ಜಗದಲ್‌ಪುರ ಹತ್ತಿರ, ಕಾಂಗೇರ್ ಕಣಿವೆ ರಾಷ್ಟ್ರೀಯ ಉದ್ಯಾನದ ಕುಟುಂಸರ ಗುಹೆ. ಬೆಲುಂ ಥರ ಸಲೀಸಲ್ಲ. ದಾರಿ ಇಕ್ಕಟ್ಟು, ಒಳಗೆ ಪೂರ್ತಿ ಕತ್ತಲೆ, ಗೈಡ್ ಜೊತೆಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಗುಹೆಗೆ ನೀರು ನುಗ್ಗುವುದರಿಂದ ಬಂದ್ ಇರುತ್ತದೆ. ಹೊರಡುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಒಳಗಿನ ನೀರಿನಲ್ಲಿ ಕಣ್ಣು ಕುಗ್ಗಿದ, ಬಣ್ಣ ಮಾಸಿದ ಪುಟ್ಟ ಮೀನುಗಳಿವೆ. ತಲೆಮಾರುಗಳಿಂದ ಕತ್ತಲಲ್ಲೇ ಬಾಳಿದ ಜೀವಗಳವು. ಅವುಗಳ ಮೇಲೆ ಟಾರ್ಚು ಹಿಡಿದು ನಿಲ್ಲಬೇಡಿ, ನೀರಿಗೆ ಕೈ ಹಾಕಬೇಡಿ, ತಿನ್ನಲು ಏನನ್ನೂ ಎಸೆಯಬೇಡಿ.