ರೈಲು ಅಗ್ಗವಾದರೂ ಬಂದರಿನಿಂದ ಲಾರಿಯೇ ಯಾಕೆ?

ಬಂದರಿನಿಂದ 150 ಕಿ.ಮೀ. ದೂರದ ಗೋದಾಮಿಗೆ ಕಂಟೇನರ್ ತರಲು ರೈಲು ಅಗ್ಗ ಅಂತಾರೆ, ಆದರೂ ಎಲ್ಲರೂ ಲಾರಿಯನ್ನೇ ಯಾಕೆ ಹಿಡಿಯುತ್ತಾರೆ ಅಂತ ಕೇಳಿದ್ದೀರಿ. ಓಡುವಾಗ ರೈಲು ಅಗ್ಗ, ನಿಜ. ಖರ್ಚು ಇರುವುದು ಎತ್ತಿ ಇಳಿಸುವುದರಲ್ಲಿ. ಲಾರಿಯಾದರೆ ಕ್ರೇನ್ ಒಮ್ಮೆ ಇಟ್ಟರೆ ಸೀದಾ ನಿಮ್ಮ ಬಾಗಿಲಿಗೆ. ರೈಲಾದರೆ ಯಾರ್ಡಿನಲ್ಲಿ ಒಮ್ಮೆ ಏರಿಸಬೇಕು, ಒಳನಾಡಿನ ಡಿಪೋದಲ್ಲಿ ಇಳಿಸಬೇಕು, ಅಲ್ಲಿಂದ ಮತ್ತೆ ಲಾರಿ ಬೇಕೇ ಬೇಕು. ಈ ಖರ್ಚು ದೂರ ಕಮ್ಮಿಯಾದರೂ ಕಮ್ಮಿಯಾಗಲ್ಲ. ಹಾಗಾಗಿ ದೂರ ಜಾಸ್ತಿಯಾದಷ್ಟೂ ರೈಲು ಗೆಲ್ಲುತ್ತದೆ.

ಇನ್ನೊಂದು, ರೈಲು ತುಂಬಬೇಕು. ನಿಮ್ಮ ಎರಡು ಕಂಟೇನರ್‌ಗೆ ಅದು ಹೊರಡಲ್ಲ ಅಲ್ವಾ? ಹೀಗೆ ಕಾಯುತ್ತಾ ಕೂತರೂ ಖಾಲಿ ಕಂಟೇನರನ್ನು ಹಡಗು ಕಂಪನಿಗೆ ಗಡುವಿನೊಳಗೆ ವಾಪಸ್ ಕೊಡಬೇಕು, ತಡವಾದರೆ ದಂಡ. ಇದನ್ನು ಲೆಕ್ಕಕ್ಕೇ ಹಿಡಿಯದೆ ರೈಲು ಅಗ್ಗ ಅನ್ನುವವರೇ ಜಾಸ್ತಿ.

ಆದರೂ ಬಂದರುಗಳಿಗೆ ರೈಲು ಬೇಕೇ ಬೇಕು. ಈಗಿನ ಅತಿ ದೊಡ್ಡ ಹಡಗುಗಳು ಇಪ್ಪತ್ತು ಅಡಿ ಉದ್ದದ ಕಂಟೇನರ್ ಲೆಕ್ಕದಲ್ಲಿ ಸುಮಾರು 24,000 ಹೊರುತ್ತವೆ. ಅದರಲ್ಲಿ ಒಂದು ಪಾಲು ಒಟ್ಟಿಗೆ ಇಳಿದರೂ ಗೇಟಿನ ಮುಂದೆ ಲಾರಿ ಸಾಲು ಕರಗಲ್ಲ. ಲಾಸ್ ಏಂಜಲೀಸ್‌ನಲ್ಲಿ 2002ರಲ್ಲಿ ಶುರುವಾದ ಅಲಮೇಡಾ ಕಾರಿಡಾರ್ ನೋಡಿ. ಬಂದರಿನಿಂದ ಹೊರಡುವ ಸುಮಾರು 32 ಕಿ.ಮೀ. ಸರಕು ರೈಲು ಮಾರ್ಗ, ಅದರಲ್ಲಿ ಅರ್ಧದಷ್ಟು ನೆಲ ಅಗೆದ ಕಂದಕದಲ್ಲಿ. ಸುಮಾರು 200 ಕಡೆ ರೈಲ್ವೆ ಗೇಟಿನಲ್ಲಿ ವಾಹನಗಳು ಕಾಯುವುದು ತಪ್ಪಿತು. ಇಂಥದ್ದು ಇನ್ನೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ 150 ಕಿ.ಮೀ.ಗೆ ಮಾತ್ರ ಸದ್ಯಕ್ಕೆ ಲಾರಿಯೇ ಸರಿ. ತಿಂಗಳಿಡೀ ಒಂದೇ ಸಮ ಸರಕು ಬರುವುದಾದರೆ, ಡಿಪೋ ನಿಮ್ಮ ಗೋದಾಮಿನ ಹತ್ತಿರವೇ ಇದ್ದರೆ, ಬಾಗಿಲಿನವರೆಗಿನ ಪೂರ್ತಿ ದರ ಕೇಳಿ ಹೋಲಿಸಿ.